ಒಂದರಿಂದ ಐದರವರೆಗೆ

ಭತ್ತಕ್ಕೆ ಕಳಸೆ ಇತ್ತು, ಹಾಲಿಗೆ ಕುಡ್ತೆ,
ಮಲ್ಲಿಗೆಗೆ ಅಟ್ಟೆ, ಬೀಡಿಗೆ ಕಟ್ಟು.
ಅಪನಂಬಿಕೆ ಅಳೆಯಲು ನನ್ನ ಕೈಗೆ ಕೊಟ್ಟದ್ದು
ಒಂದರಿಂದ ಐದರವರೆಗಿನ ಒಂದು ಗೀಟು.
ಒಂದು ಅಂದರೆ ಡಾಕ್ಟರನ್ನು ಚೂರೂ ನಂಬುವುದಿಲ್ಲ,
ಐದು ಅಂದರೆ ಪೂರ್ತಿ.
ಮನೆಗೆ ನೂರಿಪ್ಪತ್ತು ರೂಪಾಯಿ, ಬಸ್ಸಿನ ದುಡ್ಡು ನಮ್ಮದೇ.

ಪ್ರಶ್ನೆಗಳು ಹುಟ್ಟಿದ್ದು ಯಾವ ದೇಶದಲ್ಲೋ.
ತಿರುವನಂತಪುರದಲ್ಲಿ ಮಲಯಾಳ ಕಲಿತು
ಕಾಸರಗೋಡಿನ ಯಾವುದೋ ಪ್ರೆಸ್ಸಿನಲ್ಲಿ ಅವಸರಕ್ಕೆ ಕನ್ನಡ ಉಟ್ಟು
ಹೊಸಂಗಡಿಯಲ್ಲಿ ನನ್ನ ಜೊತೆ ಬಸ್ಸಿಳಿದವು.
'ಅಂಗಗಳಿಗಾಗಿ ವೈದ್ಯರು ತಮ್ಮ ಮರಣವನ್ನು ತ್ವರಿತಗೊಳಿಸುವರೆಂದು
ತಾವು ಎಷ್ಟರ ಮಟ್ಟಿಗೆ ಭಾವಿಸುತ್ತೀರಿ?'
ಹಗಲು ಹೊತ್ತು, ಅಂಗಳದಲ್ಲಿ ನಿಂತು
ಯಾರ ಮುಖ ನೋಡಿ ಇದನ್ನು ಕೇಳುವುದು?
ತುಳುವಿಗೆ ತಿರುಗಿಸಿದೆ, ಬ್ಯಾರಿಗೆ ತಿರುಗಿಸಿದೆ,
ಕೊಂಕಣಿಯಲ್ಲಿ ಅರ್ಧ ಕೈಸನ್ನೆ.
ಅಷ್ಟು ದಾಟುವಾಗ 'ತಮ್ಮ ಮರಣ' ಉದುರಿ
'ಯಾರದಾದರೂ' ಆಗಿತ್ತು. ಮಾಡಿದ್ದು ನಾನೇ.
ಮೇಲಿನವರಿಗೆ ಹೇಳಿಲ್ಲ.

ಬೇಕೂರಿನ ಉಮ್ಮಾಲಿಮ್ಮ ಬೀಡಿ ಸುತ್ತುತ್ತಲೇ ಅಂದರು:
'ಕೊಡಬಹುದು ಅಂತ ಉಸ್ತಾದರೇ ಹೇಳಿದ್ದಾರೆ, ಅದಲ್ಲ ಮಗಳೇ.
ನನ್ನ ಗಂಡನ ಮಯ್ಯತ್ತು, ಬಿಲ್ಲು ಕಟ್ಟುವ ತನಕ
ಒಂದು ರಾತ್ರಿ ಕೊಡಲಿಲ್ಲ ಆ ಆಸ್ಪತ್ರೆಯವರು.
ಸತ್ತವನನ್ನೇ ಅಡವಿಟ್ಟುಕೊಂಡವರು
ಉಸಿರಾಡುವವನನ್ನು ಸುಮ್ಮನೆ ಬಿಟ್ಟಾರಾ?'
ಕಾರಣದ ಚೌಕಗಳು ನಾಲ್ಕು: ಧರ್ಮ, ಸಂಪ್ರದಾಯ, ಕುಟುಂಬ, ಭಯ.
ಬಿಲ್ಲಿಗೆ ಚೌಕವಿಲ್ಲ.

ಗುಡ್ಡದ ಮೇಲಿನ ಅಂಗಾರಣ್ಣ ಗೇಟೇ ತೆಗೆಯಲಿಲ್ಲ.
'ಗೇರುತೋಟಕ್ಕೆ ಆಕಾಶದಿಂದ ಮದ್ದು ಬಿಟ್ಟಾಗ
ಕೋಟು ಹಾಕಿದವರು ಬಂದು ಏನೂ ಆಗುವುದಿಲ್ಲ ಅಂದರು.
ಆಮೇಲೆ ಬಂದವರು ಟೇಪು ತಂದು
ನನ್ನ ಮಗಳ ತಲೆ ಅಳೆದರು. ಎಷ್ಟು ಸಲ!
ಯಾವ ಸಲವೂ ಎಷ್ಟು ಬಂತೆಂದು ನಮಗೆ ಹೇಳಲಿಲ್ಲ.
ನೀನು ಏನು ಅಳೆಯಲು ಬಂದದ್ದು?'
ನಾನು ಫಾರಮು ಮಡಚಿದೆ.

ತಲಪಾಡಿಯ ಈಚೆ, ಲಿಲ್ಲಿ ಬಾಯಿ ಚಾ ಕೊಟ್ಟರು.
'ಗಡಿಗೆ ಮಣ್ಣು ಸುರಿದ ವರ್ಷ ನೆನಪುಂಟಲ್ಲ?
ಡಯಾಲಿಸಿಸ್ಸಿಗೆ ಹೊರಟ ನಮ್ಮ ಅಣ್ಣ
ಆ ಮಣ್ಣಿನ ಈ ಬದಿಯಲ್ಲಿ ಆಂಬುಲೆನ್ಸಿನಲ್ಲಿ ಕೂತು
ಮಂಗಳೂರಿನ ದಿಕ್ಕು ನೋಡಿ ವಾಪಸು ಬಂದ.
ಐದು ದಿನ.
ಮೊನ್ನೆ ಟಿವಿಯಲ್ಲಿ ನೋಡಿದೆ, ಪೆಟ್ಟಿಗೆಯಲ್ಲಿ ಒಂದು ಹೃದಯ ಹೋಗುವಾಗ
ಊರಿಡೀ ಸಿಗ್ನಲ್ಲು ನಿಲ್ಲಿಸಿದ್ದರು, ಪೊಲೀಸರು ಸಲಾಮು ಬೇರೆ.
ಇಡೀ ಮನುಷ್ಯನಿಗೆ ಬಿಡದ ದಾರಿ
ಒಂದು ತುಂಡಿಗೆ ಬಿಡುತ್ತಾರೆ ಮಾರಾಯ್ತಿ.
ನೀನೇ ಬರಿ, ಎಷ್ಟು ಬೇಕೋ ಅಷ್ಟು.'

ಉಪ್ಪಳದ ಟೈಲರು ವಾಮನ ಗಟ್ಟಿ ಮಾತ್ರ
ಕೇಳಿದ್ದಕ್ಕೆಲ್ಲ ಐದು ಅಂದರು, ಸೂಜಿಯಿಂದ ಕಣ್ಣೆತ್ತದೆ.
ಕಣ್ಣು ಐದು, ಕಿಡ್ನಿ ಐದು, ಡಾಕ್ಟರು ಐದಕ್ಕೆ ಐದು.
ಮೆಟ್ಟಿಲಿಳಿಯುವಾಗ ಹಿಂದೆಯೇ ಬಂದರು:
'ಹೆಸರು ಬರೆದಿಲ್ಲ ತಾನೇ?
ನಾಳೆ ಹುಷಾರಿಲ್ಲದೆ ಅಲ್ಲಿಗೇ ಹೋಗಬೇಕಲ್ಲ ನಾವು.'

ಸಂಜೆ ಫೋನು: 'ನಿಮ್ಮ ಪಂಚಾಯತು ಎರಡು ಪಾಯಿಂಟ್ ನಾಲ್ಕು.
ಕೊಚ್ಚಿಗಿಂತ ಕಮ್ಮಿ, ಇನ್ನೊಂದು ದೇಶಕ್ಕಿಂತ ಪರವಾಗಿಲ್ಲ.'
ಇಷ್ಟು ಮನೆ ಹತ್ತಿ ಇಳಿದೆ,
ಎರಡು ಪಾಯಿಂಟ್ ನಾಲ್ಕು ಎಂಬವರ ಮನೆ ಯಾವುದೋ
ನನಗೆ ಸಿಗಲಿಲ್ಲ.

ನನ್ನ ಚೀಲದಲ್ಲೂ ಒಂದು ಕಾರ್ಡು ಉಂಟು, ಮೂರು ವರ್ಷದಿಂದ.
ಹೆಸರು ಬರೆದಿದೆ, ರಕ್ತದ ಗುಂಪು ಬರೆದಿದೆ,
ಮನೆಯವರ ರುಜುವಿನ ಗೆರೆ ಖಾಲಿ.
ಅವರಲ್ಲಿ ಕೇಳಿಲ್ಲ.
ಕೇಳಿದರೆ ಯಾವ ಭಾಷೆಯಲ್ಲಿ ಕೇಳುವುದೆಂದು
ಈ ಕೆಲಸ ಕಲಿಸಿಲ್ಲ.

ಕೊನೇ ಬಸ್ಸು. ಕುಂಜತ್ತೂರಿನಲ್ಲಿ ಒಬ್ಬ ಹುಡುಗ
ಥರ್ಮೊಕೋಲಿನ ಪೆಟ್ಟಿಗೆ ಎತ್ತಿಕೊಂಡು ಹತ್ತಿದ,
ಮೂಲೆಯಿಂದ ಮಂಜಿನ ನೀರು ತೊಟ್ಟಿಕ್ಕುತ್ತಿತ್ತು.
ನಿದ್ದೆಯಲ್ಲಿದ್ದವರೂ ಕಾಲು ಮಡಚಿ ಜಾಗ ಬಿಟ್ಟರು,
ಮುದುಕಿಯೊಬ್ಬಳು ಅಲುಗದಂತೆ ಮುಚ್ಚಳದ ಮೇಲೆ ಕೈಯಿಟ್ಟಳು.
ಒಳಗೇನೆಂದು ಯಾರೂ ಕೇಳಲಿಲ್ಲ.
ಬೂತಾಯಿ ಇರಬೇಕು.
ವಾಸನೆ ಇರಲಿಲ್ಲ.